ಮೂಲ ಸಾಹೇಬರದು, ಸೊಪ್ಪು ನಮ್ಮದು

ನಮ್ಮಾಕೆ ದಿನಾ ಮಧ್ಯಾಹ್ನ ಎರಡರಿಂದ ಐದರವರೆಗೆ ಎಲ್ಲಿ ಕೂರುತ್ತಾಳೆ, ಹೇಳಿ ನೋಡೋಣ? ಟಿ.ವಿ. ಮುಂದೆ ಅಂದಿರಾ? ತಪ್ಪು. ಪಕ್ಕದ ಜೀವವೈವಿಧ್ಯ ಸಂರಕ್ಷಣಾ ಕಚೇರಿಯಲ್ಲಿ, ಅಧಿಕಾರಿಯ ಕುರ್ಚಿಯಲ್ಲಿ. ಕಾನೂನುಬದ್ಧವಾಗಿ.

ಅಲ್ಲಿನ ಸಾಹೇಬರಿಗೆ ಮೂಲವ್ಯಾಧಿ. ಮರ್ಯಾದೆಗೆ ಬರೀ ‘ಮೂಲ’ ಅನ್ನೋಣ. ಒಂದು ವರ್ಷ ಎಲ್ಲ ಕಡತಗಳಿಗೂ ನಿಂತೇ ಸಹಿ ಹಾಕಿದ್ದರು. ಕಾಂಪೌಂಡಿನಾಚೆ ಅವರ ಒದ್ದಾಟ ನೋಡಲಾರದೆ ನಮ್ಮಾಕೆ, ನಮ್ಮ ನಲ್ಲಿಯ ಪಕ್ಕ ತಾನಾಗಿ ಬೆಳೆದಿದ್ದ ಗಿಡವೊಂದರ ಸೊಪ್ಪು ಅರೆದು ಕೊಟ್ಟಳು. ಅಜ್ಜಿಯಿಂದ ಕಲಿತ ವಿದ್ಯೆ. ಒಂಬತ್ತನೇ ದಿನ ಸಾಹೇಬರು ಕೂತರು. ಕಚೇರಿಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಗಿಡದಿಂದ ಪ್ರಯೋಜನ ಪಡೆದವರು ಅದನ್ನು ತಿಳಿವಳಿಕೆ ಕೊಟ್ಟವರೊಂದಿಗೆ ನ್ಯಾಯವಾಗಿ ಹಂಚಿಕೊಳ್ಳಬೇಕೆಂಬ ಕಾನೂನನ್ನು ಕಾಯುವುದೇ ಸಾಹೇಬರ ಕೆಲಸ. ಪ್ರಾಮಾಣಿಕರು, ಪಾಪ, ಅಂದೇ ಗಿಡವನ್ನು ನೋಂದಾಯಿಸಿದರು. ನಮೂನೆಯಲ್ಲಿ ‘ಮೂಲ’ ಎಂಬ ಕಲಂ ಇತ್ತು. ಗುಮಾಸ್ತ ನಿಷ್ಠೆಯಿಂದ ‘ಸಾಹೇಬರದು’ ಎಂದು ತುಂಬಿದ.

ಕೇಂದ್ರ ಕಚೇರಿಯಿಂದ ಆದೇಶ ಬಂತು: ‘ಸದರಿ ಜ್ಞಾನದ ಮೂಲವು ಅಧಿಕಾರಿಯವರದೇ ಆಗಿರುವುದರಿಂದ ಅನ್ಯರು ಸೊಪ್ಪು ಕೀಳತಕ್ಕದ್ದಲ್ಲ.’

ಅನ್ಯರು ಅಂದರೆ ನಮ್ಮಾಕೆ! ಅದೂ ನಮ್ಮ ಹಿತ್ತಲಲ್ಲೇ! ಚಪ್ಪಲಿ ಮೆಟ್ಟಿಕೊಂಡವಳೇ ಕಚೇರಿಗೆ ನುಗ್ಗಿದಳು.

“ಸಾಹೇಬ್ರೇ, ಮೂಲ ನಿಮ್ದೇ ಇರ್ಲಿ, ನಂಗ್ಯಾಕೆ ಬೇಕದು? ವಿದ್ಯೆ ನಮ್ಮಜ್ಜೀದು. ಅವಳ ಹೆಸ್ರು ಬರೀರಿ!”

“ಅಮ್ಮಾ, ಕಲಂನಲ್ಲಿ ಒಂದೇ ಮೂಲಕ್ಕೆ ಜಾಗ ಇರೋದು.”

“ಹಾಗಾದ್ರೆ ಇನ್ಮೇಲೆ ಅರೆದು ಕೊಡೋರೂ ಇಲ್ಲ. ನಿಂತ್ಕೊಳ್ಳಿ ಮತ್ತೆ!”

ಸಾಹೇಬರು ಕೂತಲ್ಲೇ ಬೆವೆತು ತಿದ್ದುಪಡಿ ಕಳಿಸಿದರು: ‘ಮೂಲ ಎರಡು. ವ್ಯಾಧಿಯದು ಅಧಿಕಾರಿ, ವಿದ್ಯೆಯದು ಅಜ್ಜಿ, ವಾರಸುದಾರಳು ಮೊಮ್ಮಗಳು.’

ಹೊಸ ಆದೇಶ ಬಂತು: ‘ದೊರೆತ ಪ್ರಯೋಜನ: ಕುಳಿತುಕೊಳ್ಳುವುದು. ಇದನ್ನು ಉಭಯತ್ರರೂ ಸಮನಾಗಿ ಹಂಚಿಕೊಳ್ಳತಕ್ಕದ್ದು. ಪ್ರತಿ ವರ್ಷ ಇದೇ ತಾರೀಖಿನಂದು ಮರುಪರಿಶೀಲಿಸಲಾಗುವುದು.’

ಅಂದಿನಿಂದ ಬೆಳಗ್ಗೆ ಸಾಹೇಬರು ಕೂರುತ್ತಾರೆ, ಮಧ್ಯಾಹ್ನ ನಮ್ಮಾಕೆ. ಸೊಪ್ಪು ಕೀಳಲು ತಾನು ಬರೆದ ಅರ್ಜಿಗೆ ತಾನೇ ಸಹಿ ಹಾಕುತ್ತಾಳೆ. ಒಮ್ಮೆ ಅಕ್ಷರ ಸರಿಯಿಲ್ಲವೆಂದು ತಿರಸ್ಕರಿಸಿದ್ದೂ ಉಂಟು. ಸಾಹೇಬರು ಪಕ್ಕದಲ್ಲಿ ನಿಂತು “ಇಲ್ಲಿ, ಅಮ್ಮಾ” ಎಂದು ಜಾಗ ತೋರಿಸುತ್ತಾರೆ. ಯಾರಿಗೂ ತಕರಾರಿಲ್ಲ. ಮರುಪರಿಶೀಲನೆಗೆ ಎಲ್ಲರೂ ಸಿದ್ಧರಿದ್ದಾರೆ, ಆ ತಾರೀಖೇ ಮತ್ತೆ ಬಂದಿಲ್ಲ. ಆದೇಶ ಹೊರಟದ್ದು ಗುರುವಾರ, ಫೆಬ್ರವರಿ ಇಪ್ಪತ್ತೊಂಬತ್ತು.