ಎರಡು ಬೆರಳಿನ ನಡುವಿನ ಎಣ್ಣೆ

ನಮ್ಮ ಸೋದರಮಾವ ಈ ಜಗತ್ತಿನಲ್ಲಿ ನಂಬುವುದು ಎರಡನ್ನೇ: ಒಂದು ಅವರ ಹೆಬ್ಬೆರಳು, ಇನ್ನೊಂದು ತೋರುಬೆರಳು. ಇವೆರಡರ ನಡುವೆ ಹಾಕಿ ಉಜ್ಜಿ ನೋಡಲಾಗದ ಯಾವುದರ ಬಗ್ಗೆಯೂ ಅವರಿಗೆ ಗೌರವವಿಲ್ಲ. ಹಾಗಾಗಿ ಸರ್ಕಾರ, ಹವಾಮಾನ ವರದಿ, ಮತ್ತು ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ಸೋದರ ಸೊಸೆಯಾದ ನಾನು, ಮೂವರೂ ಅವರ ಪಾಲಿಗೆ ಒಂದೇ ಸಾಲಿನವರು.

ಅವರು ಮುಖ್ಯವಾಗಿ ಉಜ್ಜುವುದು ಇಂಜಿನ್ ಆಯಿಲನ್ನು. ತುಮಕೂರಿನ ಅವರ ಮನೆಯ ಶೆಡ್ಡಿನಲ್ಲಿ ನನಗಿಂತ ವಯಸ್ಸಾದ ಸ್ಪೋರ್ಟ್ಸ್ ಕಾರೊಂದಿದೆ. ಎರಡೇ ಬಾಗಿಲು, ಎರಡೇ ಸೀಟು. ಒಂದು ಕಾಲದಲ್ಲಿ ಕೆಂಪಗಿತ್ತಂತೆ. ಈಗ ಹಳೇ ಹೆಂಚಿನ ಬಣ್ಣ. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಹಂಪ್ ಬಂದಾಗಲೆಲ್ಲ ಒಳಗಿದ್ದವರು ಉಸಿರು ಬಿಗಿಹಿಡಿದು ಕಾರನ್ನು ಮೇಲೆತ್ತಲು ನೋಡುತ್ತೇವೆ! ಅತ್ತೆ ಒಮ್ಮೆ ಹತ್ತಿದ್ದರು. ಇಳಿಸಲು ಮೂರು ಜನ ಬೇಕಾಯಿತು. "ಸತ್ ಮೇಲೆ ಹೆಂಗೂ ನೀವೇ ಎತ್ಕೊಂಡು ಹೋಗ್ತೀರ. ಈಗಿಂದ್ಲೇ ಯಾಕೆ ಅಭ್ಯಾಸ?" ಎಂದವರು ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲ.

ಕಾರನ್ನು ಮಾರಿದವರು ಕುಣಿಗಲ್‌ನ ಒಬ್ಬ ಕುದುರೆ ಡಾಕ್ಟರು. ಅವರು ಹಾಕಿದ ಷರತ್ತು ಒಂದೇ: ತಿಂಗಳಿಗೊಮ್ಮೆ ತಂದು ಇಂಜಿನ್ನಿನ ಸದ್ದು ಕೇಳಿಸಬೇಕು. ಡಾಕ್ಟರಿಗೆ ಈಗ ಕಣ್ಣು ಕಾಣುವುದಿಲ್ಲ. ಮಾವ ಅವರ ಗೇಟಿನ ಮುಂದೆ ಇಂಜಿನ್ನನ್ನು ರೊಯ್ ಎನ್ನಿಸುತ್ತಾರೆ. ಅವರು ಕೋಲೂರಿ ನಿಂತು ಕೇಳಿ, "ಉಸಿರು ಚೆನ್ನಾಗಿದೆ" ಎನ್ನುತ್ತಾರೆ. ಮಾವ ವಾಪಸು ಬರುತ್ತಾರೆ. ಇಷ್ಟಕ್ಕಾಗಿ ಎಪ್ಪತ್ತು ಕಿಲೋಮೀಟರು! ಈ ಇಂಜಿನ್ನಿನ ಬಿಡಿಭಾಗಗಳು ಈಗ ಎಲ್ಲೂ ತಯಾರಾಗುವುದಿಲ್ಲ. ಒಳಗಿನ ಒಂದು ಬೇರಿಂಗ್ ಹೋದರೆ ಕಾರೂ ಹೋಯಿತು, ಕೊಟ್ಟ ಮಾತೂ ಹೋಯಿತು. ಆದ್ದರಿಂದ ಆಯಿಲ್ ಆರಿಸುವ ದಿನ ಮಾವನ ಮುಖದಲ್ಲಿ ಮಗಳಿಗೆ ಗಂಡು ನೋಡಲು ಹೊರಟವರ ಕಳವಳ.

ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಡಬ್ಬ ಬಿಚ್ಚಿಸಿ, ಬೆರಳಿಗೆ ಒಂದು ಹನಿ ಹಾಕಿಸಿಕೊಂಡು, ಕಣ್ಣು ಮುಚ್ಚಿ ಉಜ್ಜುತ್ತಾರೆ. "ಸೀಲ್ ಒಡೆದ್ರೆ ಆಮೇಲೆ ಯಾರು ಸಾರ್ ತಗೋತಾರೆ?" ಎಂದು ಅಂಗಡಿಯವನು ಗೋಳಾಡಿದರೆ, "ನೋಡ್ದೆ ತಗೊಳಕ್ಕೆ ಇದೇನು ಲಾಟ್ರಿ ಟಿಕೆಟ್ಟೇನಪ್ಪ?" ಎನ್ನುತ್ತಾರೆ. ಚಾಳಿ ಅಂಗಡಿಗೇ ನಿಂತಿದ್ದರೆ ಸಹಿಸಬಹುದಿತ್ತು. ಒಮ್ಮೆ ಯಡಿಯೂರಿನ ದೇವಸ್ಥಾನದಲ್ಲಿ ದೀಪದ ಎಣ್ಣೆಗೆ ಬೆರಳದ್ದಿ ಉಜ್ಜಿ, ಅರ್ಚಕರಿಗೇ ಸಲಹೆ ಕೊಟ್ಟರು: "ಸ್ವಾಮಿ, ದೇವ್ರು ಹಳಬ್ರು. ಒಂಚೂರು ಗಟ್ಟಿ ಎಣ್ಣೆ ಹಾಕಿ." ಅರ್ಚಕರು ತೀರ್ಥ ಕೊಟ್ಟರು. ಪುಣ್ಯಕ್ಕೆ ಮಾವ ಅದನ್ನು ಉಜ್ಜಲಿಲ್ಲ!

ಹೋದ ಬೇಸಿಗೆಯಲ್ಲಿ ನಾನು ಈ ಮೂಢನಂಬಿಕೆಯ ಮೇಲೆ ಯುದ್ಧ ಸಾರಿದೆ. ಮಾವ ಹಾಕಿಸುತ್ತಿದ್ದುದು ಇಪ್ಪತ್ತು-ಐವತ್ತು ಎಂಬ ಹಳೇ ಕಾಲದ ಗಟ್ಟಿ ಆಯಿಲ್, ಜೇನಿನಂತೆ ಇಳಿಯುವಂಥದ್ದು. ನಾನು ಮುಂದಿಟ್ಟಿದ್ದು ಐದು-ಮೂವತ್ತರ ಸಿಂಥೆಟಿಕ್: ತೆಳು, ಹೊಸದು, ಡಬ್ಬದ ಮೇಲೆ ರೇಸ್ ಕಾರಿನ ಚಿತ್ರ ಬೇರೆ.

"ಹಳೇ ಇಂಜಿನ್ನು ಒಳ್ಗಡೆ ಸವ್ದು ಸಂದಿ ಬಿದ್ದಿರ್ತದೆ ಕಣಮ್ಮ. ತೆಳು ಎಣ್ಣೆ ಆ ಸಂದೀಲಿ ನಿಲ್ಲಲ್ಲ, ಜಾರ್ಕೊಂಡು ಹೋಯ್ತದೆ."

"ನೀವು ಒಳಗೆ ಹೋಗಿ ನೋಡಿದೀರಾ ಮಾವ?"

"ಇಲ್ಲ."

"ಮತ್ತೆ ಪುರಾವೆ?"

"ಬೆರಳು ಹೇಳ್ತದೆ."

"ಬೆರಳನ್ನ ಕೋರ್ಟಲ್ಲಿ ಸಾಕ್ಷಿ ಹೇಳಿಸೋಕಾಗುತ್ತಾ?"

ಅಂಗಡಿಯವನು ನಕ್ಕ. ನನಗೆ ಇನ್ನೇನು ಬೇಕು? ಸಭೆ ನನ್ನ ಕಡೆ! ಆಗ ಮಾವ ಎಂದೂ ಮಾಡದ ಕೆಲಸ ಮಾಡಿದರು. ಎರಡೂ ಡಬ್ಬಗಳಿಂದ ಒಂದೊಂದು ಹನಿಯನ್ನು ನನ್ನ ಎರಡು ಕೈಗಳ ಬೆರಳಿಗೆ ಹಾಕಿಸಿ, "ನೀನೇ ಉಜ್ಜಿ ಹೇಳು ಲಾಯರಮ್ಮ. ಹೆಂಗದೆ?" ಎಂದರು. ನಾನು ಉಜ್ಜಿದ ಶಾಸ್ತ್ರ ಮಾಡಿ, "ಎರಡೂ ಒಂದೇ" ಎಂದೆ. ನಿಜ ಹೇಳುತ್ತೇನೆ, ಬೆರಳಿನ ಕಡೆ ನನಗೆ ಗಮನವೇ ಇರಲಿಲ್ಲ. ಮುಂದಿನ ವಾದವನ್ನು ಜೋಡಿಸಿಕೊಳ್ಳುತ್ತಿದ್ದೆ. ಮಾವ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ತೆಳು ಆಯಿಲನ್ನೇ ತೆಗೆದುಕೊಂಡರು. ಎದುರಾಳಿ ಮೌನವಾದರೆ ಗೆದ್ದಂತೆ ಎಂದು ನಮಗೆ ಕಲಿಸಿದ್ದಾರೆ. ಮೌನಕ್ಕೆ ಬೇರೆ ಕಾರಣವೂ ಇರಬಹುದೆಂದು ಯಾರೂ ಕಲಿಸಿರಲಿಲ್ಲ.

ಆ ತಿಂಗಳ ಕುಣಿಗಲ್ ಯಾತ್ರೆಯಲ್ಲಿ ಪಕ್ಕದ ಸೀಟು ಗೆದ್ದವಳಿಗೇ ಮೀಸಲಾಯಿತು. ಹೆಬ್ಬೂರು ದಾಟುತ್ತಿದ್ದಂತೆ ಆಯಿಲ್ ಪ್ರೆಶರ್ ತೋರಿಸುವ ಮುಳ್ಳು ಮೆಲ್ಲಗೆ ಮಲಗಿತು. ಇಂಜಿನ್ನಿನ ತಳದಿಂದ ಟಕ್, ಟಕ್, ಟಕ್. ಒಳಗೆ ಸಿಕ್ಕಿಕೊಂಡವರು ಯಾರೋ ಬಾಗಿಲು ತಟ್ಟಿದಂತೆ. ಮಾವ ತಕ್ಷಣ ಆಫ್ ಮಾಡಿ, ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದರು. ನಾನೂ ಬೆರಳಿಟ್ಟು, "ಅಮ್ಮಾ!" ಎಂದು ಕೈ ಕಿತ್ತುಕೊಂಡೆ. ಅಷ್ಟು ಸುಡುತ್ತಿತ್ತು. ಮಾವ ಮಾತ್ರ ಚಟ್ನಿಗೆ ಉಪ್ಪು ನೋಡುವವರಂತೆ ಆರಾಮಾಗಿ ಉಜ್ಜುತ್ತಲೇ ಇದ್ದರು. ಏನು ಚರ್ಮವಪ್ಪಾ ಎಂದುಕೊಂಡೆ!

"ಡಾಕ್ಟ್ರೇ, ಈ ತಿಂಗ್ಳು ಆಗಲ್ಲ" ಎಂದು ಫೋನಿನಲ್ಲಿ ಅಷ್ಟೇ ಹೇಳಿದರು. ಕಾರನ್ನು ಟೆಂಪೋಗೆ ಏರಿಸಿ ಗುಬ್ಬಿಗೆ ಒಯ್ದೆವು. ಆ ಇಂಜಿನ್ನಿಗೆ ಕೈ ಹಾಕುವ ಧೈರ್ಯವಿರುವುದು ಅಲ್ಲಿನ ಮೆಕ್ಯಾನಿಕ್ ಬಾಷಾ ಭಾಯ್‌ಗೆ ಮಾತ್ರ. ಅವರು ಆಯಿಲನ್ನು ತಟ್ಟೆಗೆ ಇಳಿಸಿ, ಅದರಲ್ಲಿ ಮಿನುಗುತ್ತಿದ್ದ ಬೇರಿಂಗಿನ ಲೋಹದ ಪುಡಿ ತೋರಿಸಿದರು.

"ಯಾವ್ ಪುಣ್ಯಾತ್ಮ ಸಾರ್ ಈ ನೀರು ಹಾಕ್ಸಿದ್ದು?"

ನಾನು ಬಾಯಿ ತೆರೆದೆ.

"ನಾನೇ" ಎಂದರು ಮಾವ.

"ನೀವಾ? ಹೋಗಿ ಸಾರ್! ಯಡಿಯೂರ ದೀಪದೆಣ್ಣೆನೇ ಫೇಲ್ ಮಾಡ್ದೋರು ನೀವು. ಬೆರಳಿಗೇನಾಗಿತ್ತು?"

ಮಾವ ಬಲಗೈ ಚಾಚಿದರು. ಹೆಬ್ಬೆರಳು, ತೋರುಬೆರಳು, ಎರಡರ ತುದಿಯಲ್ಲೂ ಬೊಬ್ಬೆ ಎದ್ದಿತ್ತು. ಅವರೂ ಅದನ್ನು ನೋಡಿದ್ದು ಆಗಲೇ.

"ಶುಗರ್ರು ಕಣ್ ಭಾಯ್. ವರ್ಷ ಆಯ್ತು, ಬೆರಳಿಗೆ ಏನೂ ಗೊತ್ತಾಗಲ್ಲ. ಸುಮ್ನೆ ಉಜ್ಜ್ತೀನಿ ಅಷ್ಟೇ."

ಅಂದರೆ ಅಂಗಡಿಯಲ್ಲಿ ಕಣ್ಣು ಮುಚ್ಚಿ ಉಜ್ಜುತ್ತಿದ್ದುದು? ಬರೀ ಅಭ್ಯಾಸ. ಆ ದಿನ ನನ್ನ ಬೆರಳಿಗೆ ಹನಿ ಹಾಕಿಸಿದ್ದು? ಅವರು ಸಹಾಯ ಕೇಳುತ್ತಿದ್ದರು. ನಾನು ಅಂಕ ಗಳಿಸುತ್ತಿದ್ದೆ.

ಬಾಷಾ ಭಾಯ್ ಗಟ್ಟಿ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದರು. ಟಕ್ ಟಕ್ ತಗ್ಗಿತು, ಹೋಗಲಿಲ್ಲ. "ಜೀವ ಐತೆ ಸಾರ್. ಬೀದಿಯೊಳ್ಗೆ ಓಡ್ಸಿ. ಕುಣಿಗಲ್ ಮರ್ತ್‌ಬುಡಿ."

"ಮೊದಲೇ ಯಾಕೆ ಹೇಳಲಿಲ್ಲ ಮಾವ?" ಎಂದು ದಾರಿಯಲ್ಲಿ ಕೇಳಿದೆ.

"ಹೇಳಿದ್ರೆ ನೀನು ಪುರಾವೆ ಕೇಳ್ತಿದ್ದೆ."

ಈಗ ತಿಂಗಳಿಗೊಮ್ಮೆ ಶೆಡ್ಡಿನಲ್ಲೇ ಇಂಜಿನ್ ಚಾಲೂ ಮಾಡಿ, ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿಯುತ್ತೇವೆ. ಆ ಕಡೆಯಿಂದ ಡಾಕ್ಟರು, "ಕೆಮ್ತಾ ಇದೆಯಲ್ಲಪ್ಪ" ಎನ್ನುತ್ತಾರೆ. "ವಯಸ್ಸಾಯ್ತಲ್ಲ ಡಾಕ್ಟ್ರೇ" ಎನ್ನುತ್ತಾರೆ ಮಾವ, ನನ್ನ ಕಡೆ ನೋಡದೆ.

ಅದಕ್ಕೂ ಮೊದಲು ಒಂದು ಕೆಲಸವಿದೆ. ಇಂಜಿನ್ ಇನ್ನೂ ತಣ್ಣಗಿರುವಾಗ ಮಾವ ಕಡ್ಡಿ ಎಳೆದು, ಒಂದು ಹನಿಯನ್ನು ನನ್ನ ಬೆರಳಿಗೆ ಇಳಿಸುತ್ತಾರೆ. ನಾನು ಕಣ್ಣು ಮುಚ್ಚುತ್ತೇನೆ. ಈ ಸಲ ನಿಜವಾಗಿ ಉಜ್ಜುತ್ತೇನೆ.

"ಹೆಂಗದೆ?"

"ಗಟ್ಟಿ ಇದೆ ಮಾವ."

ಅವರು ಕಡ್ಡಿ ಒರೆಸಿ ಒಳಗಿಡುತ್ತಾರೆ. ಪುರಾವೆ ಕೇಳುವುದಿಲ್ಲ.