ಸರ್ಪಂಚಮ್ಮನ ಯಜಮಾನರ ಬಿಪಿ

ಸೂಜಿ ಹಿಡಿದು ನಿಂತವಳ ಎದುರಿಗೆ ಮನುಷ್ಯನ ನಿಜವಾದ ಬಣ್ಣ ಹೊರಗೆ ಬೀಳುತ್ತದೆ. ಹಾಗಾಗಿ ನನ್ನ ಕೆಲಸದಲ್ಲಿ ನಗುವಿಗೆ ಬರಗಾಲ ಅಂತ ಬಂದದ್ದೇ ಇಲ್ಲ. ನಾನು ಆಂಧ್ರದ ಗಡಿಯ ಮಡಕಶಿರದ ಕಡೆಯವಳು. ಕೆಲಸ ರಾಯದುರ್ಗದ ಕಡೆ, ಡಿ. ಹಿರೇಹಾಳಿಗೆ ಹತ್ತಿರದ ಒಂದು ಊರಿನ ಸಚಿವಾಲಯದಲ್ಲಿ ನರ್ಸು. ಸಚಿವಾಲಯ ಅಂದರೆ ಹೆದರಬೇಡಿ. ಪಂಚಾಯ್ತಿ ಕಟ್ಟಡದ ಎರಡು ಕೋಣೆ, ಒಂದು ಫ್ಯಾನು, ಅಷ್ಟೆ.

೧. ಅಧ್ಯಕ್ಷರ ತೋಳು

ಕೊರೊನಾ ತಣ್ಣಗಾದ ಮೇಲೆ ಮಂಡಲದಿಂದ, ಅಂದರೆ ನಿಮ್ಮ ತಾಲ್ಲೂಕಿನಂಥ ಆಫೀಸಿನಿಂದ, ಒಂದು ಆರ್ಡರು ಬಂತು. ಊರಿನ ಆರೋಗ್ಯದ ಮೇಲುಸ್ತುವಾರಿ ಇನ್ನು ಪಂಚಾಯ್ತಿಯದ್ದು. ಲಸಿಕೆಯ ಉಳಿದ ಡೋಸು ಹಾಕಿಸಬೇಕು, ಮೂವತ್ತು ದಾಟಿದವರ ಬಿಪಿ, ಶುಗರ್ ನೋಡಿಸಬೇಕು, ಜನರ ಮನಸ್ಸು ಹೇಗಿದೆ ಅಂತಲೂ ವಿಚಾರಿಸಬೇಕು. ಇದಕ್ಕೊಂದು ಸಮಿತಿ, ಸಮಿತಿಗೆ ಪಂಚಾಯ್ತಿಯ ಮುಖ್ಯಸ್ಥರಾದ ಸರ್ಪಂಚರೇ ಅಧ್ಯಕ್ಷರು.

ನಮ್ಮೂರ ಸರ್ಪಂಚರು ಹೆಂಗಸು. ಆದರೆ ಕುರ್ಚಿಯಲ್ಲಿ ಕೂರುತ್ತಿದ್ದವರು ಅವರ ಯಜಮಾನರು. ಸರ್ಪಂಚಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು, ಯಜಮಾನರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಿದ್ದರು. ಊರವರಿಗೂ ಇದು ರೂಢಿಯಾಗಿತ್ತು. ಹೊಸಬಳಾದ ನನಗೆ ಮಾತ್ರ ನಮಸ್ಕಾರ ಯಾರಿಗೆ ಮೊದಲು ಮಾಡಬೇಕು ಎಂಬ ಗೊಂದಲ.

ಯಜಮಾನರ ಉತ್ಸಾಹ ಹೇಳತೀರದು. ಟವೆಲ್ ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿ, "ಏ, ಬರ್ರಿ, ಬಿಪಿ ನೋಡಿಸಿಕೊಳ್ರಿ! ಜೀವಕ್ಕಿಂತ ದೊಡ್ಡದು ಯಾವುದೈತ್ರಿ?" ಅಂತ ಕೂಗಿ ಜನರನ್ನು ಹಿಡಿದು ತರುತ್ತಿದ್ದರು. ಸಾಲು ಮುಗಿದ ಮೇಲೆ ನಾನು, "ಈಗ ನಿಮ್ದೂ ಒಂದ್ಸಲ ನೋಡೋಣ ಕೊಡಿ ಸಾರ್" ಅಂದೆ.

"ಮೊದಲು ಜನ ನರ್ಸಮ್ಮ, ಆಮ್ಯಾಲೆ ನಾವು" ಅಂದವರೇ ಎದ್ದು ಹೊರಟರು. ಮರುವಾರವೂ ಅದೇ ಮಾತು. ಮೂರನೇ ವಾರ ನಾನು ಯಂತ್ರ ಎತ್ತುವುದಕ್ಕೆ ಮೊದಲೇ ಬಾಗಿಲು ದಾಟಿದ್ದರು.

ಆವತ್ತು ಸರ್ಪಂಚಮ್ಮ ಹಿಂದೆ ಉಳಿದರು. "ಮುಂಜಾಲೆ ಎದ್ರ ತಲಿನೋವು ಅಂತಾರ. ಕಣ್ಣು ಮಂಜಾಗ್ತಾವು. ಇವರಪ್ಪಗ ಹಿಂಗs ಆಗಿ ಲಕ್ವಾ ಹೊಡೀತು ನರ್ಸಮ್ಮ. ಬಿಪಿ ಐತಿ ಅಂತ ಊರಿಗೆ ಗೊತ್ತಾದ್ರ ಮಾನ ಹೋಗ್ತೈತಂತ. ಹೆಂಗರ ಮಾಡಿ ಒಮ್ಮೆ ನೋಡ್ರಿ" ಅಂತ ಕೈ ಹಿಡಿದರು. ಆ ಕೈ ತಣ್ಣಗಿತ್ತು.

ಊರಿನಲ್ಲಿ ಮೂವತ್ತು ದಾಟಿದವರೆಲ್ಲರ ಬಿಪಿ ಆಗಿತ್ತು. ಉಳಿದದ್ದು ಎರಡು ತೋಳು. ಎರಡೂ ಕುರ್ಚಿಯಲ್ಲಿ ಕೂರುವ ಅಧ್ಯಕ್ಷರವೇ.

೨. ಕೆಂಪು ಗುರುತು

ಊರಾಚೆ ಕುರಿ ಮಂದೆಯವರು ಬೀಡುಬಿಟ್ಟಿದ್ದರು. ಅವರಿಗೂ ಡೋಸು ಹಾಕಬೇಕು. ಇವತ್ತು ಇಲ್ಲಿದ್ದವರು ನಾಳೆ ಕಣೇಕಲ್ಲಿನ ಕಡೆ ಹೋಗಿರುತ್ತಾರೆ. ಯಾರಿಗೆ ಹಾಕಿದೆ, ಯಾರಿಗಿಲ್ಲ ಅಂತ ನಾನು ಪಟ್ಟಿ ಹಿಡಿದು ತಲೆ ಕೆರೆದುಕೊಳ್ಳುವಾಗ ಮಂದೆಯ ಹಿರಿಯ ಮುಂದೆ ಬಂದ.

"ಇದಕ್ಯಾಕ ಅಷ್ಟು ಬರೀತೀಯವ್ವ? ಕುರಿ ಡಾಕ್ಟ್ರು ಏನ್ ಮಾಡ್ತಾರ? ಸೂಜಿ ಹಾಕಿದ ಕುರಿಗೆ ಕೆಂಪು ಬಣ್ಣ ಬಳೀತಾರ. ಒಂದು ಕುರಿಗೆ ಎರಡು ಸಲ ಬೀಳಂಗಿಲ್ಲ, ಒಂದೂ ತಪ್ಪಂಗಿಲ್ಲ."

ನಾನು ನಕ್ಕೆ. ಅವನು ನಗಲಿಲ್ಲ. ಬಣ್ಣದ ಡಬ್ಬಿ ತಂದು ಪಕ್ಕದಲ್ಲೇ ಕೂತ. ನಾನು ಚುಚ್ಚಿದ ಹಾಗೆಲ್ಲ ಅವನು ಬೆರಳದ್ದಿ ಅಂಗಿಯ ಹೆಗಲಿಗೆ ಒಂದು ಪಟ್ಟೆ ಎಳೆದು ಕಳಿಸಿದ. ಕೆಲಸ ಎಂದೂ ಅಷ್ಟು ಸಲೀಸಾಗಿ ಆಗಿರಲಿಲ್ಲ. ಮಂಡಲದ ಆಫೀಸರು ಜೀಪಿನಲ್ಲಿ ಬಂದು ನೋಡಿ, "ಏನಮ್ಮಾ ಇದು, ಮನುಷ್ಯರಾ ಕುರಿಗಳಾ?" ಅಂತ ಕೇಳಿದರು. ಹಿರಿಯ, "ಎಣಿಸಿಕೊಳ್ರಿ ಸಾಹೇಬ್ರ, ನಿಮ್ಮ ಕಂಪ್ಯೂಟರಕಿಂತ ಖರೇ ಐತಿ" ಅಂದ.

ಕೊನೆಗೆ ನನ್ನ ಹತ್ತಿರ ಒಂದು ಡೋಸು ಮಿಕ್ಕಿತು. ತಲೆ ಎಣಿಸಿಯೇ ತಂದಿದ್ದೆ; ಎಲ್ಲರ ಹೆಗಲೂ ಕೆಂಪಗಿದೆ, ಆದರೂ ಒಂದು ಮಿಕ್ಕಿದೆ. ಹಿರಿಯ ಎದ್ದು ಸಾಲಿನ ಹಿಂದೆ ಒಂದು ಸುತ್ತು ಬಂದು, ಗಿರಿಜಾ ಮೀಸೆಯ ಒಬ್ಬ ಜಟ್ಟಿಯ ಕಿವಿ ಹಿಡಿದ. ಬರೀ ಕೋಲಿನಲ್ಲಿ ತೋಳ ಓಡಿಸಿದವನು ಅಂತ ಊರೆಲ್ಲ ಹೆಸರಾದವನು ಅವನು.

"ನಾನು ಎಲ್ಲಾರಿಗೂ ಎಡಗಡೆ ಬಳದೀನಿ. ನೀ ಬಲಗಡೆ ಯಾಕ ಬಳಕೊಂಡಿ?"

ಜಟ್ಟಿ ತಲೆ ತಗ್ಗಿಸಿ, "ತೋಳ ಆದ್ರ ಹಲ್ಲು ತೋರಿಸಿ ಬರ್ತೈತಿ. ಈ ಅಮ್ಮ ನಕ್ಕೋಂತ ಬರ್ತಾಳ, ಅದಕ್ಕ ಭಯ" ಅಂದ.

೩. ಹಾವು

ಸರ್ಪಂಚಮ್ಮ ಒಂದು ಉಪಾಯ ಹೂಡಿದರು. ಮಧ್ಯಾಹ್ನ ಮುದ್ದೆ ಉಂಡ ಮೇಲೆ ಯಜಮಾನರು ಪಡಸಾಲೆಯಲ್ಲಿ ಒಂದು ಗಂಟೆ ಗೊರಕೆ ಹೊಡೆಯುತ್ತಾರೆ. ಆಗ ಮೆಲ್ಲಗೆ ತೋಳಿಗೆ ಬಿಪಿ ಯಂತ್ರದ ಪಟ್ಟಿ ಸುತ್ತಿ ನೋಡಿಬಿಟ್ಟರೆ ಆಯಿತು, ಅವರಿಗೂ ಗೊತ್ತಾಗುವುದಿಲ್ಲ, ಊರಿಗೂ ಗೊತ್ತಾಗುವುದಿಲ್ಲ.

ಕಳ್ಳಿಯ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಸರ್ಪಂಚಮ್ಮ ಅವರ ತೋಳಿನ ಅಂಗಿ ಸರಿಸಿದರು. ನಾನು ಪಟ್ಟಿ ಸುತ್ತಿದೆ. ಗೊರಕೆ ನಿಲ್ಲಲಿಲ್ಲ. ಇಬ್ಬರೂ ಕಣ್ಣಲ್ಲೇ ನಕ್ಕೆವು. ಗಾಳಿ ಒತ್ತತೊಡಗಿದೆ. ಎರಡು ಸಲ ಒತ್ತುವವರೆಗೆ ಎಲ್ಲ ಸರಿಯಿತ್ತು. ಮೂರನೆಯದಕ್ಕೆ ಪಟ್ಟಿ ಬಿಗಿಯಿತು ನೋಡಿ, ಯಜಮಾನರು ಮಾರುದ್ದ ಹಾರಿ, "ಹಾವು! ಹಾವು ಸುತ್ತೇತಿ!" ಅಂತ ತೋಳು ಒದರುತ್ತಾ ಅಂಗಳಕ್ಕೆ ಓಡಿದರು. ಪಟ್ಟಿ ತೋಳಲ್ಲಿ, ಯಂತ್ರ ಅದರ ಹಿಂದೆ ನೇತಾಡುತ್ತಾ, ಯಂತ್ರದ ಹಿಂದೆ ನಾನು. ಓಣಿಯವರೆಲ್ಲ ಕೋಲು ಹಿಡಿದು ಓಡಿ ಬಂದರು.

ಹಾವು ಯಾವುದು ಅಂತ ಗೊತ್ತಾದ ಮೇಲೆ ಅವರು ನನ್ನನ್ನು ನೋಡಿದ ನೋಟ ಹಾವಿನದೇ. ಗಡಿಬಿಡಿಯಲ್ಲೂ ನಾನು ಯಂತ್ರ ನೋಡಿದ್ದೆ, ಅಂಕಿ ಮೇಲಕ್ಕೇ ಇತ್ತು. ಸರ್ಪಂಚಮ್ಮ ಮೆಲ್ಲಗೆ, "ಎಷ್ಟೈತಿ?" ಅಂತ ಕೇಳಿದರು.

"ಬಿಡಮ್ಮ" ಅಂದೆ. "ಹಾವು ಕಂಡೋನ ಬಿಪಿ ಸರ್ಕಾರ ಒಪ್ಪಲ್ಲ."

೪. ಅಜ್ಜಿಯ ಮನಸ್ಸು

ಮನಸ್ಸಿನ ಸರ್ವೆಗೆ ಮನೆಮನೆಗೆ ಹೋಗಿದ್ದೆ. ಒಬ್ಬ ಅಜ್ಜಿ ಕಟ್ಟೆಯ ಮೇಲೆ ಮಲಗಿದ್ದಳು. ಎಬ್ಬಿಸಿ ಕೇಳಿದೆ: "ನಿದ್ದೆ ಚೆನ್ನಾಗಿ ಬರ್ತದೇನಜ್ಜಿ?"

"ಬಂದಿತ್ತು. ನೀ ಬಂದಿ, ಹೋತು."

"ಮನಸಿನ ಮಾತು ಯಾರ ಜತೇಗಾದ್ರೂ ಆಡ್ತೀಯಾ?"

"ಸೊಸಿ ಕೂಡ ದಿನಾ ಜಗಳಾಡ್ತೀನಿ. ಬರಕೋ." ಆಮೇಲೆ ಅಜ್ಜಿಯೇ ಹೇಳಿದಳು: "ಆ ಕೊರೊನಾ ಬ್ಯಾನಿ ಬಂದಾಗ ಅಕೀನ ಬಳ್ಳಾರಿ ದವಾಖಾನಿಗೆ ಹಾಕಿದ್ರು. ಇಪ್ಪತ್ತು ದಿನ ಜಗಳಾಡಾಕ ಯಾರೂ ಇದ್ದಿಲ್ಲ. ಉಂಡಿದ್ದು ಮೈಗೆ ಹತ್ತಲಿಲ್ಲ."

ಒಳಗಿನಿಂದ ಸೊಸೆ, "ಅತ್ತಿ, ನರ್ಸಮ್ಮನ ಮುಂದ ನನ್ನ ಚಾಡಿ ಹೇಳಾಕ ಹತ್ತೀರೇನು?" ಅಂತ ಕೂಗಿದಳು. ಅಜ್ಜಿಯ ಮುಖ ಅರಳಿತು. "ಶುರು ಆತು, ನೀ ಹೋಗು" ಅಂದಳು. ಅಜ್ಜಿಯ ಹೆಸರಿನ ಮುಂದೆ 'ಮನಸ್ಸು ಆರೋಗ್ಯವಾಗಿದೆ' ಅಂತ ಬರೆದೆ.

೫. ಒಪ್ಪಿಗೆ

ಗ್ರಾಮಸಭೆಯ ದಿನ ಮಂಡಲದ ಆಫೀಸರು, ಡಾಕ್ಟರು ಎಲ್ಲ ಬಂದಿದ್ದರು. ನಮ್ಮ ಸಭೆ ನಡೆಯುವ ಕ್ರಮ ಹೀಗೆ: ಪಂಚಾಯ್ತಿ ಸೆಕ್ರೆಟರಿ ತೆಲುಗಿನಲ್ಲಿ ಒಂದೊಂದೇ ತೀರ್ಮಾನ ಓದುತ್ತಾರೆ. ಯಜಮಾನರು ಕುರ್ಚಿಯಲ್ಲಿ ಫೋನು ಒತ್ತುತ್ತಾ, ತಲೆ ಎತ್ತದೆ "ಒಪ್ಪಿಗಿ" ಅನ್ನುತ್ತಾರೆ. ಸಭೆಯೂ "ಒಪ್ಪಿಗಿ" ಅನ್ನುತ್ತದೆ. ಸರ್ಪಂಚಮ್ಮ ಸಹಿ ಹಾಕುತ್ತಾರೆ.

ಬೀದಿ ದೀಪ. "ಒಪ್ಪಿಗಿ." ಚರಂಡಿ. "ಒಪ್ಪಿಗಿ." ನೀರಿನ ಟ್ಯಾಂಕಿಗೆ ಬ್ಲೀಚಿಂಗ್. "ಒಪ್ಪಿಗಿ." ಆಮೇಲೆ ಸೆಕ್ರೆಟರಿ ಒಂದು ಸಲ ಕೆಮ್ಮಿ, ಸರ್ಪಂಚಮ್ಮನ ಕಡೆ ನೋಡಿ ಓದಿದರು. ಸರ್ಪಂಚರ ಯಜಮಾನರ ಬಿಪಿಯನ್ನು ಈ ಸಭೆಯ ಎದುರಿಗೇ, ಈ ಕ್ಷಣದಲ್ಲೇ ಪರೀಕ್ಷೆ ಮಾಡತಕ್ಕದ್ದು.

"ಒಪ್ಪಿಗಿ" ಅಂದರು ಯಜಮಾನರು.

ಸಭೆಯಲ್ಲಿ ಎದ್ದ ನಗು ಆಚೆ ಊರು ಓಬಳಾಪುರಕ್ಕೂ ಕೇಳಿರಬೇಕು. ಯಜಮಾನರು ಗಾಬರಿಯಾಗಿ ತಲೆ ಎತ್ತಿದರು. "ಏನಂದೆ ನಾನು?"

"ಯಾರು ಬರೆಸಿದ್ದು ಇದು?" ಅಂತ ಆಫೀಸರು ಕೇಳಿದರು.

ಸರ್ಪಂಚಮ್ಮ ಸ್ಟೂಲಿನಿಂದ ಎದ್ದು ನಿಂತರು. ಸಭೆಯಲ್ಲಿ ಅವರ ದನಿ ಕೇಳಿದ್ದು ನಾನು ಅದೇ ಮೊದಲು. "ನಾನs ಬರೆಸೀನ್ರಿ ಸಾಹೇಬ್ರ. ಸರ್ಪಂಚ್ ನಾನs ಅಲ್ರಿ?"

ತೀರ್ಮಾನ ಆಗಿಹೋಗಿತ್ತು, ಅದೂ ಅವರ ಬಾಯಿಂದಲೇ. ಯಜಮಾನರು ತೋಳು ಕೊಟ್ಟರು. ನಾನು ಪಟ್ಟಿ ಸುತ್ತಿ ಗಾಳಿ ಒತ್ತಿದೆ. ಅಂಕಿ ನೂರಾ ತೊಂಬತ್ತಕ್ಕೆ ನಿಂತಿತು. ಡಾಕ್ಟರ ಮುಖದ ನಗು ಇಳಿಯಿತು, ಸಭೆಯದೂ ಇಳಿಯಿತು. ಡಾಕ್ಟರು ತಾವೇ ಇನ್ನೊಮ್ಮೆ ನೋಡಿ, ಸರ್ಪಂಚಮ್ಮನಿಂದ ಮಾವನ ಲಕ್ವಾದ ಸಂಗತಿ ಕೇಳಿಕೊಂಡು, "ಇನ್ನು ಬಿಟ್ಟಿದ್ದರೆ ನಿಮ್ಮ ತಂದೆಗೆ ಆದದ್ದೇ ಆಗುತ್ತಿತ್ತು" ಅಂತ ಬಿಡಿಸಿ ಹೇಳಿ, ಅಲ್ಲೇ ಮಾತ್ರೆ ಬರೆದರು. ಸರ್ಪಂಚಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸದ್ಯ, ಹೊತ್ತು ಮೀರಿರಲಿಲ್ಲ ಅಂತ ನನಗೂ ಜೀವ ಬಂತು.

ಯಜಮಾನರು ಮಾನ ಉಳಿಸಿಕೊಳ್ಳಲು ಕೊನೆಯ ಪ್ರಯತ್ನ ಮಾಡಿದರು. ಟವೆಲಿನಿಂದ ಮುಖ ಒರೆಸಿಕೊಂಡು ಸಭೆಗೆ ಕೇಳುವ ಹಾಗೆ ಹೇಳಿದರು: "ನನ್ನ ಮೈಯಾಗ ಏನೂ ಇಲ್ರಿ. ಇದೆಲ್ಲಾ ಪಂಚಾಯ್ತಿ ಕೆಲಸದ ಟೆನ್ಷನ್ನು. ಸರ್ಪಂಚ್‌ಗಿರಿ ಅಂದ್ರ ಹುಡುಗಾಟ ಅಂದ್ಕೊಂಡೀರೇನು?"

"ಖರೇ ಐತ್ರಿ" ಅಂದರು ಸರ್ಪಂಚಮ್ಮ. ಗಂಡನ ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿ ನನ್ನ ಕೈಗೆ ಒಪ್ಪಿಸಿದರು. "ಇವರನ್ನ ಮನಿಗೆ ಕರಕೊಂಡು ಹೋಗಿ ಮಲಗಿಸ್ರಿ ನರ್ಸಮ್ಮ. ಆ ಟೆನ್ಷನ್ನು ಇನ್ನ ನನಗಿರ್ಲಿ."

ಆಮೇಲೆ ಬಿಸಿಯಾಗಿದ್ದ ಆ ಕುರ್ಚಿಯಲ್ಲಿ ತಾವು ಕೂತು, ಸೆರಗು ಸರಿಮಾಡಿಕೊಂಡು, "ಮುಂದಿಂದು ಓದ್ರಿ ಸೆಕ್ರೆಟ್ರಿಯವ್ರ" ಅಂದರು.