ಮಗಳ ರೋಸ್ ಶಾಸ್ತ್ರದ ಫೋಟೋದಲ್ಲಿ ನಾನು ನಕ್ಕಿಲ್ಲವೆಂಬ ಬಗ್ಗೆ

ಇಂದ,
ಝೀಟಾ,
ಪ್ಯಾಟ್ರಿಕ್‌ರವರ ಹೆಂಡತಿ ಹಾಗೂ ‘ಝೀಟಾ ಸ್ಟುಡಿಯೋ’ದ ಬೋರ್ಡಿನಲ್ಲಿರುವ ಹೆಸರು,
ಕಲ್ಯಾಣಪುರ.

ಗೆ,
ಶ್ರೀ ಕರುಣಾಕರ,
ಅಧ್ಯಕ್ಷರು, ಸ್ವರ್ಣಾ ತೀರ ಛಾಯಾಗ್ರಾಹಕರ ಬಳಗ, ಉಡುಪಿ.
(ಉಡುಪಿಯಲ್ಲಿ ತಾವು ಸಿಗುವುದಿಲ್ಲವಾದ ಕಾರಣ ಕಾಪುವಿನ ಅಂಗಡಿಗೆ)

ದಿನಾಂಕ: ಆಗಸ್ಟ್ 2005

ವಿಷಯ: ಹೊಸದಾಗಿ ಬಿಡುಗಡೆಯಾದ ಫೋಟೋ ತಿದ್ದುವ ಸಾಫ್ಟ್‌ವೇರನ್ನು ಸದಸ್ಯರೆಲ್ಲರೂ ಅಳವಡಿಸಿಕೊಳ್ಳಬೇಕೆಂಬ ನಿರ್ಣಯಕ್ಕೆ ಒಂದು ಷರತ್ತು ಸೇರಿಸುವ ಬಗ್ಗೆ.

ಉಲ್ಲೇಖ: 1. ಕಾರ್ಕಳದ ಮಹಾಸಭೆಯ ಕುರಿತು ತಮ್ಮ ಸುತ್ತೋಲೆ.
2. ಕುವೈತಿನಿಂದ ಮಗಳು ಶರೋನ್ ಮಾಡಿದ ಫೋನು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ಸುತ್ತೋಲೆಯಲ್ಲಿ ಸದಸ್ಯರ ಅಭಿಪ್ರಾಯ ಕೇಳಿದ್ದೀರಿ. ನಾನು ಸದಸ್ಯೆಯಲ್ಲ. ಆದರೆ ಸದಸ್ಯರ ಹೆಂಡತಿಯರನ್ನು ಕೇಳದೆ ಇಂಥ ವಿಷಯ ತೀರ್ಮಾನಿಸುವುದು ಅಡುಗೆ ಮಾಡಿದವರನ್ನು ಬಿಟ್ಟು ಉಪ್ಪು ಸಾಕೋ ಎಂದು ಬೀದಿಯಲ್ಲಿ ಕೇಳಿದ ಹಾಗೆ. ಆದ್ದರಿಂದ ಈ ಅರ್ಜಿ.

1) ನನ್ನ ಯಜಮಾನರಾದ ಸದರಿ ಪ್ಯಾಟ್ರಿಕ್‌ರವರು ಮಣಿಪಾಲದಲ್ಲಿ ನಡೆದ ಈ ಸಾಫ್ಟ್‌ವೇರಿನ ಪ್ರಾತ್ಯಕ್ಷಿಕೆಗೆ ತಮ್ಮ ಜೊತೆಯಲ್ಲೇ ಬಂದಿದ್ದರು. ಅಲ್ಲಿ ಮದುಮಕ್ಕಳ ತಲೆಯ ಹಿಂದಿನ ಕರೆಂಟಿನ ತಂತಿ ಮಾಯವಾದದ್ದನ್ನು ಕಂಡು ತಾವಿಬ್ಬರೂ ಚಪ್ಪಾಳೆ ತಟ್ಟಿದಿರೆಂದು ತಿಳಿದುಬಂದಿದೆ. ಮರುವಾರವೇ ಸದರಿ ಸಾಫ್ಟ್‌ವೇರ್ ನಮ್ಮ ಮನೆಗೆ ಬಂತು.

2) ಅಂದಿನಿಂದ ಸದರಿಯವರು ಯಾರಿಗೂ ‘ಸ್ವಲ್ಪ ಗಲ್ಲ ಎತ್ತಿ’ ಎಂದು ಹೇಳುವುದನ್ನೇ ನಿಲ್ಲಿಸಿದರು. ಕಾಲರು ಮಡಚಿದರೂ, ಮಗು ಮೂಗಿನೊಳಗೆ ಬೆರಳಿಟ್ಟರೂ ಒಂದೇ ಉತ್ತರ: “ಅದೆಲ್ಲ ಮತ್ತೆ ಕಂಪ್ಯೂಟರಿನಲ್ಲಿ ಮಾಡುವ ಮಾರಾಯ್ರೇ.” ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಇವರು ಕಲ್ಯಾಣಪುರದವರ ಮುಖಗಳನ್ನೆಲ್ಲ ಎತ್ತೆತ್ತಿ ಒಗೆದರು. ಮೊಡವೆ ಹೋಯಿತು, ಮಚ್ಚೆ ಹೋಯಿತು, ನಮ್ಮ ಇಮ್ಯಾನುಯೆಲ್ ಮಾಸ್ಟರರ ಮುಖದ ಸಿಟ್ಟು ಸಹ ಹೋಯಿತು. ಇದಕ್ಕೆ ನನ್ನ ಆಕ್ಷೇಪ ಇರಲಿಲ್ಲ. ಮಾಸ್ಟರರ ಮನೆಯವರಿಗೂ ಇರಲಿಲ್ಲ.

3) ಹೀಗಿರಲಾಗಿ, ಕಳೆದ ಮೇ ತಿಂಗಳಲ್ಲಿ ಶರೋನಳ ಮದುವೆಯಾಯಿತು. ಹಿಂದಿನ ದಿನ ನಮ್ಮಲ್ಲಿ ರೋಸ್ ಶಾಸ್ತ್ರ. ತಾವು ಬಂದು ಊಟ ಮಾಡಿ ಹೋಗಿದ್ದೀರಿ, ಆದರೂ ದಾಖಲೆಗಾಗಿ ಬರೆಯುತ್ತಿದ್ದೇನೆ: ಮದುಮಗಳನ್ನು ಕೂರಿಸಿ, ಹೆತ್ತವರು ಮೊದಲಾಗಿ ಎಲ್ಲರೂ ಅವಳ ತಲೆಗೆ, ಮುಖಕ್ಕೆ ತೆಂಗಿನ ಹಾಲು ಹಚ್ಚಿ ಹರಸುವುದು. ಕನ್ಯೆಯಾಗಿ ಅವಳು ತವರಿನಲ್ಲಿರುವ ಕಡೆಯ ದಿನ ಅದು. ಫೋಟೋ ತೆಗೆಯಲು ಬೇರೆಯವರನ್ನು ಕರೆಯಿರಿ ಎಂದೆ. “ನನ್ನ ಮಗಳ ರೋಸಿಗೆ ಬೇರೆಯವನ ಕ್ಯಾಮೆರಾ ಎಂತಕ್ಕೆ?” ಎಂದರು. ಹೀಗಾಗಿ ಅಪ್ಪ ಒಂದು ಗಳಿಗೆ ಹಾಲು ಹಚ್ಚಿ ಮತ್ತೆ ಕ್ಯಾಮೆರಾದ ಹಿಂದೆ ಹೋದರು. ಆಲ್ಬಮಿನಲ್ಲಿ ಎಲ್ಲಿಯೂ ಅವರಿಲ್ಲ.

4) ಆಲ್ಬಮ್ ಬಂತು. ನೋಡಿದರೆ ಶರೋನ್ ಒಣಗಿ ಕುಳಿತಿದ್ದಾಳೆ! ಮುಖದ ಮೇಲಿನ ತೆಂಗಿನ ಹಾಲನ್ನೆಲ್ಲ ಸದರಿಯವರು ಕಲೆಯೆಂದು ತಿಳಿದು ಒಂದು ಹನಿಯೂ ಬಿಡದೆ ಉಜ್ಜಿಬಿಟ್ಟಿದ್ದರು. ನಮ್ಮ ಅತ್ತೆ ಅಪೊಲೋನಿಯಾ ಬಾಯಿಯವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ ಕೇಳಿದರು: “ಇದೆಂತ ಪ್ಯಾಟ್ರಿಕ್? ನಾವೆಲ್ಲ ಬರಿಗೈಯಲ್ಲಿ ಮಗುವಿನ ತಲೆ ಸವರುದಾ? ಅಷ್ಟು ತೆಂಗಿನಕಾಯಿ ತುರಿದದ್ದು ನಿನ್ನ ಕಂಪ್ಯೂಟರಿಗೆ ಕುಡಿಲಿಕ್ಕಾ?”

5) ಅದಕ್ಕೂ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಪುಟ ತಿರುಗಿಸಿದಾಗ, ಮಗಳ ತಲೆಗೆ ಹಾಲು ಹಚ್ಚುತ್ತಿರುವ ನಾನೂ ನಗುತ್ತಿದ್ದೆ. ಸಣ್ಣ ನಗು ಅಲ್ಲ, ಹಲ್ಲು ಕಾಣುವ ನಗು. ವಿಚಾರಣೆ ನಡೆಸಲಾಗಿ, ಅದು ಕೆಮ್ಮಣ್ಣು ಊರಿನ ಹೊಳೆಬದಿಯಲ್ಲಿ ನಮ್ಮ ಕಜೆಟನ್ ಭಾವ ದೋಣಿಯಿಂದ ಇಳಿಯಲು ಹೋಗಿ ಕೆಸರಿಗೆ ಬಿದ್ದಾಗ ನಾನು ನಕ್ಕ ನಗುವೆಂದು ಗೊತ್ತಾಯಿತು. ಸದರಿಯವರು ಅದನ್ನು ಕತ್ತರಿಸಿ ತಂದು, ನನ್ನ ಅಳುವ ಮುಖದ ಮೇಲೆ ಅಂಟಿಸಿದ್ದರು.

6) ಆಲ್ಬಮ್ ಕುವೈತಿಗೆ ಹೋಯಿತು. ಅಲ್ಲಿ ಅಳಿಯ ಲಿಯೋನೆಲ್‌ನ ಅಕ್ಕ ನೋಡಿ, “ನಿನ್ನನ್ನು ಕಳಿಸಲಿಕ್ಕೆ ನಿನ್ನ ಅಮ್ಮನಿಗೆ ಎಷ್ಟು ಖುಷಿ ಮಾರಾಯ್ತಿ!” ಎಂದರಂತೆ. ಶರೋನ್ ಫೋನಿನಲ್ಲಿ ಅದನ್ನು ನಗಾಡುತ್ತಲೇ ಹೇಳಿದಳು. ಆಮೇಲೆ, “ಮಮ್ಮಿ, ಆಗ ನನ್ನ ಕಣ್ಣಿಗೆ ಹಾಲು ಹೋಗಿತ್ತು, ಎಂತದೂ ಕಾಣಲಿಲ್ಲ. ನೀವು ಅತ್ತಿದ್ದಿರಾ?” ಎಂದು ಕೇಳಿದಳು. ಅತ್ತಿದ್ದೆ ಎಂದೆ. “ಹೌದಾ” ಎಂದಳು. ಆ ‘ಹೌದಾ’ ನನಗೆ ಸರಿ ಬರಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಳೇನೋ.

7) ಆದ್ದರಿಂದ ಮೂಲ ಫೋಟೋ ಕೊಡಿ ಎಂದು ಸದರಿಯವರನ್ನು ಕೇಳಲಾಯಿತು. ತಿದ್ದಿದ್ದನ್ನು ಹಳೆಯದರ ಮೇಲೆಯೇ ಸೇವ್ ಮಾಡಿದ್ದರು. ಕ್ಯಾಮೆರಾದ ಕಾರ್ಡನ್ನು ಪಡುಬಿದ್ರಿಯ ಒಂದು ಮದುವೆಗಾಗಿ ಖಾಲಿ ಮಾಡಿದ್ದರು. ರೋಲಿನ ಕಾಲದಲ್ಲಾದರೆ ನೆಗೆಟಿವ್ ಎಲ್ಲಿಯಾದರೂ ಡಬ್ಬದಲ್ಲಿ ಬಿದ್ದಿರುತ್ತಿತ್ತು. ನಾನು ಅತ್ತದ್ದಕ್ಕೆ ಈಗ ಲೋಕದಲ್ಲಿ ಸಾಕ್ಷಿಯಿಲ್ಲ.

8) “ಬೇಸರ ಮಾಡಬೇಡ, ಕಣ್ಣೀರು ನಾನು ಹಾಕಿ ಕೊಡ್ತೇನೆ” ಎಂದು ಸದರಿಯವರು ಇಡೀ ಭಾನುವಾರ ಕುಳಿತರು. ಶರೋನಳ ಮೊಣಕೈಯಲ್ಲಿ ಹೇಗೋ ಉಳಿದುಕೊಂಡಿದ್ದ ತೆಂಗಿನ ಹಾಲಿನ ಹನಿಯನ್ನು ನಕಲು ಮಾಡಿ ನನ್ನ ಕಣ್ಣ ಕೆಳಗೆ ಇಟ್ಟರು. ಈಗ ನಾನು ಹಲ್ಲು ಬಿಟ್ಟು ನಗುತ್ತಾ ಬೆಳ್ಳಗಿನ ಕಣ್ಣೀರು ಸುರಿಸುತ್ತಿದ್ದೇನೆ.

9) “ಅಷ್ಟಕ್ಕೂ ನನ್ನ ಅಳು ತೆಗೆದದ್ದು ಎಂತಕ್ಕೆ?” ಎಂದು ಕೊನೆಗೆ ಗದರಿಸಿ ಕೇಳಿದೆ. ಸದರಿಯವರು ಮೌಸನ್ನು ಅತ್ತಿತ್ತ ಸರಿಸುತ್ತಾ ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ: “ಕ್ಯಾಮೆರಾದಲ್ಲಿ ನೋಡುವಾಗ ನೀನು ಸಣ್ಣ ಇದ್ದಿ, ಝೀಟಾ. ಕಂಪ್ಯೂಟರಿನಲ್ಲಿ ನಿನ್ನ ಅಳುವ ಮುಖ ಇಷ್ಟು ದೊಡ್ಡದಾಗಿ ಬಂತು. ನನಗೆ ನೋಡಲಿಕ್ಕೆ ಆಗಲಿಲ್ಲ.” ಆಮೇಲೆ ನಾನು ಗದರಿಸಲಿಲ್ಲ. ಚಹಾ ಮಾಡಿ ಕೊಟ್ಟೆ.

ಕಾರಣ, ಸದರಿ ಸಾಫ್ಟ್‌ವೇರನ್ನು ಸದಸ್ಯರು ಧಾರಾಳವಾಗಿ ಅಳವಡಿಸಿಕೊಳ್ಳಲಿ. ತಂತಿ ತೆಗೆಯಲಿ, ಮೊಡವೆ ತೆಗೆಯಲಿ. ಆದರೆ ಕಣ್ಣೀರನ್ನು ಅತ್ತವರ ಒಪ್ಪಿಗೆಯಿಲ್ಲದೆ ತೆಗೆಯತಕ್ಕದ್ದಲ್ಲವೆಂದು ನಿರ್ಣಯದಲ್ಲಿ ಸೇರಿಸಬೇಕಾಗಿ ಕೋರಿಕೆ. ತೆಂಗಿನ ಹಾಲಿಗೂ ಇದು ಅನ್ವಯಿಸತಕ್ಕದ್ದು.

ಇನ್ನೊಂದು ವಿನಂತಿ. ಕ್ರಿಸ್ಮಸಿಗೆ ಶರೋನ್ ರಜೆಯಲ್ಲಿ ಬರುತ್ತಾಳೆ. ಅವಳು ವಾಪಸು ಹೊರಡುವ ದಿನ ತಾವು ತಮ್ಮ ಹಳೆಯ ರೋಲ್ ಕ್ಯಾಮೆರಾ ಹಿಡಿದುಕೊಂಡು ಬಜ್ಪೆ ವಿಮಾನ ನಿಲ್ದಾಣಕ್ಕೆ ಬರಬೇಕು. ಸದರಿ ಪ್ಯಾಟ್ರಿಕ್‌ರವರಿಗೆ ಅಂದು ಕ್ಯಾಮೆರಾ ಮುಟ್ಟಲು ಅನುಮತಿ ಇರುವುದಿಲ್ಲ. ಅವರು ನನ್ನ ಪಕ್ಕದಲ್ಲಿ ನಿಲ್ಲುತ್ತಾರೆ.

ಅತ್ತರೂ ನಕ್ಕರೂ ತಮ್ಮ ವಿಶ್ವಾಸಿ,
ಝೀಟಾ

ಲಗತ್ತುಗಳು:
1. ನಗುತ್ತಿರುವ ನನ್ನ ಫೋಟೋ.
2. ಬಿಳಿ ಕಣ್ಣೀರಿನ ಫೋಟೋ. (ಪ್ರಿಂಟಿನ ದೋಷವಲ್ಲ.)
3. ಬಳಸದ ರೋಲ್ ಒಂದು. ಫ್ರಿಜ್ಜಿನಲ್ಲಿ ಬಂಗುಡೆ ಮೀನಿನ ಹಿಂದೆ ಇಟ್ಟದ್ದು, ವಾಸನೆಗೆ ಕ್ಷಮೆಯಿರಲಿ.

ವಿ.ಸೂ.: ಅಂದು ನಾನು ಅತ್ತೇ ಅಳುತ್ತೇನೆ, ನನ್ನ ಚಿಂತೆ ಬೇಡ. ಸದರಿ ಪ್ಯಾಟ್ರಿಕ್‌ರವರು ಮುಖ ಆಚೆ ತಿರುಗಿಸುತ್ತಾರೆ. ದಯವಿಟ್ಟು ಅವರು ಈಚೆ ತಿರುಗುವವರೆಗೆ ಕಾದು, ಆಮೇಲೆ ಕ್ಲಿಕ್ ಮಾಡಬೇಕು.